ಕಂಬದ ಬುಡದ ಕಲ್ಲಿಗೆ ಕಂಬ ಬೇಕು

ನಮಸ್ಕಾರ. ತೊಟ್ಟಿ ಮನೆಗಳಲ್ಲಿ ಮರದ ಕಂಬದ ಬುಡಕ್ಕೆ ಕೆತ್ತನೆಯ ಕಲ್ಲು ಕೊಟ್ಟಿರುತ್ತಾರಲ್ಲ, ಇವತ್ತು ಅದರ ಬಗ್ಗೆ ಮಾತಾಡಬೇಕು. ಹಳೇ ಮನೆ ಬಿತ್ತು ಅಂದರೆ ಈ ಕಲ್ಲು ಹಳೇ ಸಾಮಾನಿನ ಅಂಗಡಿ ಸೇರುತ್ತದೆ. ಅಲ್ಲಿಂದ ಯಾವುದೋ ರೆಸಾರ್ಟಿಗೆ ಹೋಗಿ, ತಲೆ ಮೇಲೆ ಗಾಜು ಹೊತ್ತು ಟೀಪಾಯಿ ಆಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಕಲ್ಲನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆಳಗೆ ಚೌಕ, ಅಲುಗದೆ ಕೂರಲಿ ಅಂತ. ಮೇಲಕ್ಕೆ ಬರುತ್ತಾ ದುಂಡಗಾಗುತ್ತದೆ, ಸುತ್ತ ತಾವರೆಯ ಎಸಳು. ನೆತ್ತಿಯಲ್ಲಿ ಒಂದು ಕುಳಿ ಇರುತ್ತದೆ. ಕಂಬದ ತುದಿಯಲ್ಲಿ ಬಿಟ್ಟ ಗೂಟ ಆ ಕುಳಿಯೊಳಗೆ ಇಳಿಯುತ್ತದೆ. ಮೊಳೆ ಬೇಡ, ಗಾರೆ ಬೇಡ. ಮಾಡಿನ ಭಾರವೇ ಎರಡನ್ನೂ ಒತ್ತಿ ಹಿಡಿಯುತ್ತದೆ. ನೆಲದ ತೇವ ಮರಕ್ಕೆ ಏರಬಾರದು, ಗೆದ್ದಲು ಸುಲಭಕ್ಕೆ ಹತ್ತಬಾರದು, ಮಳೆಗಾಲದಲ್ಲಿ ತೊಟ್ಟಿಗೆ ಬಿದ್ದ ನೀರು ಸಿಡಿದು ಕಂಬ ಕೊಳೆಯಬಾರದು. ಇಷ್ಟೂ ಕೆಲಸ ಆ ಒಂದು ಕಲ್ಲಿನದು. ಅಂಥದ್ದರ ಕುಳಿಗೆ ಸಿಮೆಂಟ್ ತುಂಬಿ ಸಪಾಟು ಮಾಡಿದರೆ ಏನು ಉಳಿಯಿತು ಹೇಳಿ?

"ಜಲ್ಲಿ ಆಗೋದು ತಪ್ಪಿತಲ್ಲ" ಅನ್ನುತ್ತಾರೆ. ಒಪ್ಪುತ್ತೇನೆ, ಕೊಂಡವರಿಂದಲೇ ಎಷ್ಟೋ ಕಲ್ಲು ಉಳಿದಿವೆ. ಆದರೆ ಅಂಗಡಿಯಲ್ಲಿ ಜೈಸಲ್ಮೇರಿನ ಹಳದಿ ಕಲ್ಲಿನ ಝರೋಕಾ, ಅಂದರೆ ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಿಟಕಿ, ಅದರ ಪಕ್ಕದಲ್ಲೇ ಮಲೆನಾಡಿನ ಕಲ್ಲು ಇಟ್ಟಿರುತ್ತಾರೆ. ಯಾವ ಊರದ್ದು, ಯಾರ ಮನೆಯದ್ದು ಅಂತ ಕೇಳಿದರೆ ಉತ್ತರ ಇಲ್ಲ.

ಇನ್ನೊಂದು ವಿಷಯ. ಹಳೇ ವಸ್ತು ಮಾರುವ ಕಾನೂನು ದೇವರ ವಿಗ್ರಹಕ್ಕೆ ಮಾತ್ರ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ, ಕಟ್ಟಡದಿಂದ ಬೇರ್ಪಡಿಸಿದ, ಕನಿಷ್ಠ 100 ವರ್ಷ ಹಳೆಯ ವಸ್ತುವೂ ಪ್ರಾಚ್ಯವಸ್ತುವೇ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಕುಕನೂರಿನಿಂದ ತಂದ ಕಮಲ ಮಹಲ್ ಈಗ ಮಣಿಪಾಲದಲ್ಲಿದೆ. ಅಷ್ಟು ದೊಡ್ಡ ಕೆಲಸ ಎಲ್ಲರ ಕೈಲಿ ಆಗಲ್ಲ, ಗೊತ್ತು.

ಆದರೆ ಅಜ್ಜನ ಮನೆ ಕೆಡವಲೇಬೇಕಾದರೆ ಇಷ್ಟು ಮಾಡಿ. ಕಂಬ ಬಿಚ್ಚುವ ಮುಂಚೆ ಒಂದೊಂದರ ಫೋಟೊ ತೆಗೆಯಿರಿ, ಕಲ್ಲಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ, ಕುಳಿಯ ಅಳತೆ ಬರೆದಿಡಿ. ಹೊಸ ಮನೆಯ ಜಗಲಿಗೆ ಅದೇ ಕಲ್ಲು ಕೂರಿಸಿ, ಅಳತೆಗೆ ತಕ್ಕಂತೆ ಬಡಗಿಯಿಂದ ಮರದ ಕಂಬ ಮಾಡಿಸಿ. ಮಾರದೆ ವಿಧಿಯಿಲ್ಲ ಅಂದರೆ, ಊರಿನ ಹೆಸರು, ಫೋಟೊ ಜೊತೆಗೇ ಕೊಡಿ. ಕೊಳ್ಳುವವರು ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.