ಐದು ಚೂರು, ಎರಡು ಸೀಸೆ

ಅಧ್ಯಕ್ಷರೆ, ಕೋಲಾರ ಜಿಲ್ಲೆಯ ವೈದ್ಯ ಮಿತ್ರರೆ, ಶುಶ್ರೂಷಾಧಿಕಾರಿಗಳೆ,

ಈಗತಾನೇ ಪರದೆಯ ಮೇಲೆ ದೇಶದ ಜಠರ ಕ್ಯಾನ್ಸರ್ ನಕ್ಷೆ ನೋಡಿದಿರಿ. ರೋಗ ಹೆಚ್ಚಿರುವ ಮಿಜೋರಾಂನ ಐಜೋಲ್ ಕಡುಗೆಂಪು, ನಮ್ಮ ಕಡೆ ತಿಳಿಬಣ್ಣ. ನೀವು ನಿಟ್ಟುಸಿರು ಬಿಟ್ಟದ್ದು ಮೈಕಿನವರೆಗೂ ಕೇಳಿಸಿತು. ಅಷ್ಟು ಅವಸರ ಬೇಡ. ಬೆಂಗಳೂರು, ಚೆನ್ನೈ ಕ್ಯಾನ್ಸರ್ ನೋಂದಣಿಗಳಲ್ಲಿ ಗಂಡಸರ ಜಠರ ಕ್ಯಾನ್ಸರ್ ಎಷ್ಟೋ ವರ್ಷಗಳಿಂದ ಮುಂದಿನ ಸಾಲಿನಲ್ಲೇ ಇದೆ. ನಕ್ಷೆ ಹೇಳುವುದು ಊರಿನ ಲೆಕ್ಕ. ಎದುರಿಗೆ ಕೂತ ರೋಗಿಯ ಲೆಕ್ಕ ಬೇಕಾದರೆ ಎಂಡೋಸ್ಕೋಪಿಯಲ್ಲಿ ಜಠರದ ಪೊರೆಯಿಂದ ಐದು ಚೂರು ತೆಗೆಯಬೇಕು. ಇವತ್ತು ನನ್ನ ಹಟ ಅದೊಂದೇ.

ಊರೂರಿಗೆ ವ್ಯತ್ಯಾಸ ಏಕೆ? ಕೊಲಂಬಿಯಾದ ನರಿನ್ಯೊ ಪ್ರಾಂತ್ಯದ ಕಥೆ ಸ್ವಲ್ಪ ಉದ್ದ, ಆದರೂ ಹೇಳಿಬಿಡುತ್ತೇನೆ. ಆಂಡೀಸ್ ಬೆಟ್ಟದ ಮೇಲೆ ಟುಕೆರ್ರೆಸ್, ಕೆಳಗೆ ಕಡಲ ದಂಡೆಯಲ್ಲಿ ಟುಮಾಕೊ. ಎರಡೂ ಕಡೆ ದೊಡ್ಡವರಲ್ಲಿ ಸುಮಾರು ಶೇ. 90 ಮಂದಿಗೆ ಎಚ್. ಪೈಲೋರಿ ಎಂಬ ಜಠರದ ರೋಗಾಣುವಿನ ಸೋಂಕು. ಆದರೆ ಕ್ಯಾನ್ಸರ್ ಮಾತ್ರ ಬೆಟ್ಟದಲ್ಲಿ 25 ಪಟ್ಟು ಹೆಚ್ಚು! ದಂಡೆಯವರು ಬಹುಪಾಲು ಆಫ್ರಿಕಾ ಮೂಲದವರು, ಅವರ ಹೊಟ್ಟೆಯ ರೋಗಾಣುವಿನ ತಳಿಯೂ ಹೆಚ್ಚಾಗಿ ಅಲ್ಲಿಯದೇ. ಇಬ್ಬರದೂ ಹಳೆಯ ಸಹವಾಸ. ಬೆಟ್ಟದ ಮೂಲನಿವಾಸಿ ವಂಶದವರ ಹೊಟ್ಟೆಗೆ ಹೊರಗಿನ ತಳಿ ಸೇರಿದಾಗ ಜಠರದ ಪೊರೆ ಹೆಚ್ಚು ಹಾಳಾಯಿತು. ದಂಡೆಯ ಊಟದಲ್ಲಿ ಮೀನು, ಹಣ್ಣು ಜಾಸ್ತಿ. ಅಲ್ಲಿ ಜಂತುಹುಳುವೂ ಜಾಸ್ತಿ. ಅದು ಉರಿಯೂತದ ರೀತಿಯನ್ನೇ ಬದಲಿಸಿ ಜಠರವನ್ನು ಕಾಯುತ್ತದೆ ಎಂಬ ವಾದವೂ ಇದೆ. ಹಾಗಂತ ಫೆಬ್ರವರಿ 10ರಂದು ಮಕ್ಕಳಿಗೆ ಕೊಡುವ ಜಂತುಹುಳು ಮಾತ್ರೆ ಆಲ್ಬೆಂಡಜೋಲ್ ನಿಲ್ಲಿಸಿಬಿಟ್ಟೀರಿ ಮತ್ತೆ!

ಮಿಜೋರಾಂನಲ್ಲಿ ಹೊಗೆ ಹಾಕಿದ ಮಾಂಸ, ಹುದುಗಿಸಿದ ಹಂದಿ ಕೊಬ್ಬು, ತಂಬಾಕಿನ ಹೊಗೆ ಹಾಯಿಸಿದ 'ತುಯಿಬುರ್' ನೀರು. ನಮ್ಮಲ್ಲಿ ಕೇಳಬೇಕಾದದ್ದು ಬೀಡಿ, ಉಪ್ಪುಮೀನು, ದಿನಾ ಉಪ್ಪಿನಕಾಯಿ. ಮುದ್ದೆಯ ತಂಟೆಗೆ ಹೋಗಬೇಡಿ.

ಈಗ ಐದು ಚೂರಿಗೆ ಬರೋಣ. ದೀರ್ಘಕಾಲದ ಉರಿಯೂತ, ಗ್ರಂಥಿಗಳು ಸವೆಯುವ ಅಟ್ರೋಫಿ, ಜಠರದ ಪೊರೆ ಕರುಳಿನ ಪೊರೆಯಂತಾಗುವ ಇಂಟೆಸ್ಟೈನಲ್ ಮೆಟಾಪ್ಲೇಸಿಯಾ, ಆಮೇಲೆ ಜೀವಕೋಶಗಳು ಕೆಡುವ ಡಿಸ್‌ಪ್ಲೇಸಿಯಾ, ಕೊನೆಗೆ ಕ್ಯಾನ್ಸರ್. ಈ ದಾರಿಗೆ ದಶಕಗಳೇ ಹಿಡಿಯುತ್ತವೆ, ಎಲ್ಲರೂ ಕೊನೆ ಮುಟ್ಟುವುದೂ ಇಲ್ಲ. ಮೆಟಾಪ್ಲೇಸಿಯಾ ಅಲ್ಲೊಂದು ಇಲ್ಲೊಂದು ಕಡೆ ಇರುತ್ತದೆ. ಒಂದೇ ಚೂರು ತೆಗೆದರೆ ತಪ್ಪಿಹೋಗುತ್ತದೆ. ಜಠರದ ಕೆಳಭಾಗವಾದ ಆಂಟ್ರಮ್‌ನಿಂದ 2, ತಿರುವಿನ ಇನ್ಸಿಸೂರಾದಿಂದ 1, ನಡುಭಾಗವಾದ ಕಾರ್ಪಸ್‌ನಿಂದ 2. ಮೊದಲ ಮೂರು ಒಂದು ಫಾರ್ಮಲಿನ್ ಸೀಸೆಗೆ, ಕಾರ್ಪಸ್‌ನವು ಬೇರೆ ಸೀಸೆಗೆ, ಎರಡರ ಮೇಲೂ ಜಾಗದ ಹೆಸರು. ಎಲ್ಲವನ್ನೂ ಒಂದಕ್ಕೇ ಸುರಿದರೆ ಬದಲಾವಣೆ ಎಲ್ಲಿವರೆಗೆ ಹಬ್ಬಿದೆ ಎಂದು ಪೆಥಾಲಜಿಸ್ಟ್ ಹೇಗೆ ಹೇಳಬೇಕು? ಹೇಳದಿದ್ದರೆ ಮುಂದಿನ ದಾರಿಯೇ ಇಲ್ಲ: ಮೆಟಾಪ್ಲೇಸಿಯಾ ಆಂಟ್ರಮ್‌ಗಷ್ಟೇ ಸೀಮಿತವಾಗಿದ್ದು ಬೇರೆ ಅಪಾಯವಿಲ್ಲದಿದ್ದರೆ ಸಾಮಾನ್ಯವಾಗಿ ಮತ್ತೆ ಮತ್ತೆ ಎಂಡೋಸ್ಕೋಪಿ ಬೇಡ, ಕಾರ್ಪಸ್‌ಗೂ ಹಬ್ಬಿದ್ದರೆ 3 ವರ್ಷಕ್ಕೊಮ್ಮೆ, ಜೊತೆಗೆ ಮನೆಯವರಿಗೆ ಈ ಕ್ಯಾನ್ಸರ್ ಬಂದಿದ್ದರೆ 1–2 ವರ್ಷಕ್ಕೊಮ್ಮೆ.

ಚೀಟಿ ಬಂತು, ಐದು ನಿಮಿಷವಂತೆ. ಬೇಗ ಹೇಳುತ್ತೇನೆ. ಎಚ್. ಪೈಲೋರಿ ಪತ್ತೆಯ ಉಸಿರು ಪರೀಕ್ಷೆಗೆ 2 ವಾರ ಮೊದಲು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, 4 ವಾರ ಮೊದಲು ಆಂಟಿಬಯೋಟಿಕ್ ನಿಂತಿರಬೇಕು. ಇಲ್ಲದಿದ್ದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. ಚಿಕಿತ್ಸೆ 14 ದಿನ, ಮುಗಿದು ಕನಿಷ್ಠ 4 ವಾರದ ಮೇಲೆ ಮರುಪರೀಕ್ಷೆ. ಅದಕ್ಕೆ ರಕ್ತದ ಆಂಟಿಬಾಡಿ ಪರೀಕ್ಷೆ ಬೇಡ, ರೋಗಾಣು ಹೋದ ಮೇಲೂ ಅದು ಪಾಸಿಟಿವ್ ಇರುತ್ತದೆ.

ತೂಕ ಇಳಿಕೆ, ಕಪ್ಪು ಮಲ, ರಕ್ತಹೀನತೆ, ನುಂಗಲು ಕಷ್ಟ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು: ಇಷ್ಟರಲ್ಲಿ ಒಂದಿದ್ದರೂ ಗ್ಯಾಸ್ ಮಾತ್ರೆ ಕೊಟ್ಟು ಕಳಿಸಬೇಡಿ. ರೆಫರಲ್ ಚೀಟಿಯಲ್ಲಿ ಗ್ಯಾಸ್ ಮಾತ್ರೆ ಎಷ್ಟು ದಿನದಿಂದ ನುಂಗುತ್ತಿದ್ದಾರೆ, ಅಪ್ಪ-ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿತ್ತೇ, ಈ ಎರಡನ್ನೂ ಬರೆದು ಕಳಿಸಿ.