ಎರಡನೇ ಶಾರ್ಕು, ಅದೇ ಬ್ರೋಡಿ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ, ಕಡಲತಡಿಯ ಊರೊಂದಕ್ಕೆ ಜನರನ್ನು ತಿನ್ನುವ ಶಾರ್ಕು ಬರುವ ಸಿನಿಮಾ 'ಜಾಸ್' ನೋಡಿದ್ದೀರಿ. ಇವತ್ತು ಬೆಳಗ್ಗೆ 'ಜಾಸ್ 2' ನೋಡಿದ್ದೀರಿ. ಈಗ ಊಟ ಆಗಿದೆ, ಹೊರಗೆ ಶಿವಮೊಗ್ಗದ ಮಳೆ ಬೇರೆ. ಯಾರಾದರೂ ತೂಕಡಿಸಿದರೆ ನನಗೇನೂ ಬೇಜಾರಿಲ್ಲ. ಊಟದ ಹೊತ್ತಲ್ಲಿ ನನ್ನ ಕಿವಿಗೆ ಬಿದ್ದ ಮಾತು ಒಂದೇ: "ಮೊದಲನೇದರ ಮುಂದೆ ಎರಡನೇದು ಏನೂ ಇಲ್ಲ ಬಿಡಿ." ಒಟ್ಟು ಲೆಕ್ಕದಲ್ಲಿ ಇದು ಸರಿಯೇ. ಆದರೆ ಎರಡನೇ ಸಿನಿಮಾದ ಹೊಟ್ಟೆಯಲ್ಲಿ ಮೊದಲನೇದಕ್ಕೆ ಸರಿಸಾಟಿಯಾಗಿ ನಿಲ್ಲಬಹುದಾಗಿದ್ದ ಒಂದು ಕಥೆ ಇದೆ. ಅದನ್ನು ಅರ್ಧಕ್ಕೆ ಬಿಟ್ಟವರು ಸಿನಿಮಾದವರೇ. ನಾನು ಜಾಸ್ತಿ ಮಾತಾಡುವುದು ಆ ಅರ್ಧದ ಬಗ್ಗೆ.

"ಶಾರ್ಕ್ ಸಿನಿಮಾಕ್ಕೂ ಒಂದು ಉಪನ್ಯಾಸವಾ?" ಅಂತ ಹಿರಿಯರೊಬ್ಬರು ನಗುತ್ತಾ ಕೇಳಿದರು. ಕೇಳಬೇಕಾದ್ದೇ. ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ಎಲ್ಲೆಲ್ಲಿನದೋ ಸಿನಿಮಾಗಳನ್ನು ಹಳ್ಳಿಯ ಜನ ಕೂತು ನೋಡಿ, ಆಮೇಲೆ ಕೂತು ಜಗಳವಾಡಿದ ಜಿಲ್ಲೆ ನಮ್ಮದು. ಅಂಥ ಕಡೆ ಹಾಲಿವುಡ್ಡಿನ ಒಂದು ಮೀನಿಗೂ ಒಂದು ಮಧ್ಯಾಹ್ನ ಸಿಗಲಿ, ಏನಂತೆ?

ಮೊದಲನೇ ಸಿನಿಮಾ ತಯಾರಾದ ಕಥೆ ನಿಮಗೆ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಪೀಟರ್ ಬೆಂಚ್ಲಿಯ ಕಾದಂಬರಿ 1974ರಲ್ಲಿ ಬಂತು. ಸಿನಿಮಾ ತೆರೆಗೆ ಬಂದದ್ದು 1975ರ ಜೂನ್ 20ರಂದು. ಶೂಟಿಂಗ್ ಶುರುವಾದಾಗ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ 27 ವರ್ಷ. ಸ್ಟುಡಿಯೋ ತೊಟ್ಟಿಯಲ್ಲಿ ಮಾಡುವುದಿಲ್ಲ, ನಿಜವಾದ ಸಮುದ್ರದಲ್ಲೇ ಮಾಡುತ್ತೇನೆ ಅಂತ ಹಟ ಹಿಡಿದ. 55 ದಿನ ಅಂದುಕೊಂಡದ್ದು 159 ದಿನ ಎಳೆಯಿತು. ಯಂತ್ರದ ಶಾರ್ಕಿಗೆ ತನ್ನ ವಕೀಲರ ಹೆಸರನ್ನೇ ಇಟ್ಟು ಬ್ರೂಸ್ ಅಂತ ಕರೆದ. ಬ್ರೂಸ್‌ಗೆ ಉಪ್ಪುನೀರು ಹಿಡಿಸಲಿಲ್ಲ. ಕೆಟ್ಟು ಕೂತದ್ದೇ ಜಾಸ್ತಿ. ಹಾಗಾಗಿ ಶಾರ್ಕನ್ನು ತೋರಿಸದೆ ಕಥೆ ಹೇಳುವ ದಾರಿ ಹುಡುಕಬೇಕಾಯಿತು. ಶಾರ್ಕಿನ ತಲೆ ನೀರಿಂದ ಮೇಲೆದ್ದು ಸರಿಯಾಗಿ ಕಾಣುವ ಹೊತ್ತಿಗೆ ಸಿನಿಮಾ ಸುಮಾರು 1 ಗಂಟೆ 20 ನಿಮಿಷ ಓಡಿರುತ್ತದೆ.

ಇಲ್ಲಿಗೇ ಎಲ್ಲರೂ ಮಾತು ನಿಲ್ಲಿಸಿಬಿಡುತ್ತಾರೆ. ಯಂತ್ರ ಕೆಟ್ಟಿತು, ಸಿನಿಮಾ ಗೆದ್ದಿತು. ಕೇಳಲು ಚೆನ್ನಾಗಿದೆ. ಆದರೆ ಯಂತ್ರ ಕೆಟ್ಟ ಮಾತ್ರಕ್ಕೆ ಒಳ್ಳೆ ಸಿನಿಮಾ ಆಗುವುದಾದರೆ ಪ್ರಪಂಚದಲ್ಲಿ ಎಷ್ಟು ಒಳ್ಳೆ ಸಿನಿಮಾಗಳು ಇರಬೇಕಿತ್ತು! ಶಾರ್ಕ್ ಕಾಣದಿದ್ದಾಗ ಅದರ ಜಾಗದಲ್ಲಿ ಏನು ಕಂಡಿತು ಅನ್ನುವುದನ್ನು ನೋಡಬೇಕು.

ಪುಟ್ಟ ಹುಡುಗ ಅಲೆಕ್ಸ್ ಕಿಂಟ್ನರ್ ಸಾಯುವ ದೃಶ್ಯವನ್ನೇ ತೆಗೆದುಕೊಳ್ಳಿ. ಅಲೆಕ್ಸ್ ನೀರಿಂದ ಬಂದು ಇನ್ನೂ ಸ್ವಲ್ಪ ಹೊತ್ತು ಆಡುತ್ತೇನೆ ಅನ್ನುತ್ತಾನೆ. ಅಮ್ಮ ಬೆರಳು ತೋರಿಸು ಅನ್ನುತ್ತಾಳೆ. ಬೆರಳು ನೀರಲ್ಲಿ ನೆನೆದು ಸುಕ್ಕಾಗಿದೆ. ಸರಿ, ಇನ್ನು ಹತ್ತೇ ನಿಮಿಷ. ಹುಡುಗ ಹಳದಿ ಬಣ್ಣದ ತೇಲುಹಾಸಿಗೆ ಎತ್ತಿಕೊಂಡು ಓಡುತ್ತಾನೆ. ಇತ್ತ ಪೊಲೀಸ್ ಮುಖ್ಯಸ್ಥ ಬ್ರೋಡಿ ದಡದಲ್ಲಿ ಕೂತು ನೀರನ್ನೇ ನೋಡುತ್ತಿದ್ದಾನೆ. ಕ್ಯಾಮೆರಾಕ್ಕೂ ಅವನಿಗೂ ನಡುವೆ ಜನ ಅಡ್ಡ ಹಾಯುತ್ತಾರೆ. ಒಬ್ಬರು ಹಾದರೆ ಬ್ರೋಡಿಯ ಮುಖ ಸ್ವಲ್ಪ ಹತ್ತಿರ. ಇನ್ನೊಬ್ಬರು ಹಾದರೆ ಇನ್ನೂ ಹತ್ತಿರ. ಕಟ್ ಆದದ್ದೇ ಗೊತ್ತಾಗುವುದಿಲ್ಲ. ಯಾರೋ ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ, ಬ್ರೋಡಿ ಅವರ ಹೆಗಲ ಮೇಲಿಂದ ಸಮುದ್ರ ನೋಡುತ್ತಾನೆ. ನಾವೂ ಕತ್ತು ಚಾಚುತ್ತೇವೆ. ಕೋಲು ತರಲು ಹೋದ ನಾಯಿ ವಾಪಸ್ ಬರಲಿಲ್ಲ, ಕೋಲು ಮಾತ್ರ ತೇಲುತ್ತಿದೆ. ಕೊನೆಗೆ ಎಲ್ಲ ತಾಯಂದಿರೂ ತಂತಮ್ಮ ಮಕ್ಕಳನ್ನು ಎಳೆದುಕೊಂಡ ಮೇಲೆ ಒಬ್ಬಳು ಮಾತ್ರ ಹೆಸರು ಕೂಗುತ್ತಾ ನಿಂತಿರುತ್ತಾಳೆ. ಅಲೆ ಹರಿದ ಹಾಸಿಗೆಯನ್ನು ತಂದು ದಡಕ್ಕೆ ಹಾಕುತ್ತದೆ.

ಎಲ್ಲ ಸೇರಿ ಕೆಲವೇ ನಿಮಿಷ. ಆದರೆ ಆ ಹುಡುಗ ಯಾರು, ಅವನ ಬೆರಳು ಹೇಗಿತ್ತು, ಎಲ್ಲ ನಮಗೆ ಗೊತ್ತು.

ಸಂಗೀತವನ್ನೂ ಗಮನಿಸಿ. ಜಾನ್ ವಿಲಿಯಮ್ಸ್ ಅವರ ಎರಡು ಸ್ವರ ಈಗ ಮದುವೆ ಮನೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಆಸ್ಕರ್ ಬಂತು. ಸಂಕಲನಕ್ಕೆ ವರ್ನಾ ಫೀಲ್ಡ್ಸ್ ಅವರಿಗೂ ಬಂತು. ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುತ್ತಾರಲ್ಲ, ಆಗ ಆ ಸ್ವರ ಬರುವುದಿಲ್ಲ. ಸಂಗೀತ ಸುಳ್ಳು ಹೇಳುವುದಿಲ್ಲ ಅಂತ ನಾವು ನಂಬುತ್ತೇವೆ. ಆ ನಂಬಿಕೆ ಗಟ್ಟಿಯಾದ ಮೇಲೆ, ಬ್ರೋಡಿ ದೋಣಿಯ ಹಿಂದೆ ನಿಂತು ಗೊಣಗುತ್ತಾ ಮೀನಿನ ತುಂಡು ಎಸೆಯುವಾಗ, ಸ್ವರವೇ ಇಲ್ಲದೆ ಶಾರ್ಕ್ ಮೇಲೇಳುತ್ತದೆ. ಎಂಥ ಕಿಲಾಡಿತನ!

ಇನ್ನೊಂದು ದೃಶ್ಯ ನೆನಪಿಡಿ, ಎರಡನೇ ಸಿನಿಮಾಕ್ಕೆ ಬೇಕು. ಅಲೆಕ್ಸ್‌ನ ತಾಯಿ ಕಪ್ಪು ಬಟ್ಟೆಯಲ್ಲಿ ಬಂದು ಬ್ರೋಡಿಯ ಕೆನ್ನೆಗೆ ಬಾರಿಸುತ್ತಾಳೆ. ಶಾರ್ಕ್ ಇದೆ ಅಂತ ಗೊತ್ತಿದ್ದೂ ಜನರನ್ನು ನೀರಿಗೆ ಬಿಟ್ಟೆ ಅನ್ನುತ್ತಾಳೆ. ಬಿಟ್ಟದ್ದು ಮೇಯರ್ ಮಾತಿಗೆ ಕಟ್ಟುಬಿದ್ದು. ಟೂರಿಸ್ಟ್ ಸೀಸನ್, ವ್ಯಾಪಾರ ಹಾಳಾಗುತ್ತದೆ ಅಂತ. ಮೇಯರ್ ಅದು ನಿನ್ನ ತಪ್ಪಲ್ಲ ಅಂದಾಗ ಬ್ರೋಡಿ ಒಪ್ಪುವುದಿಲ್ಲ.

ಈಗ ಎರಡನೇದಕ್ಕೆ ಬರೋಣ. 1978ರ ಜೂನ್. ಸ್ಪೀಲ್‌ಬರ್ಗ್ ಇಲ್ಲ. ಮೊದಲು ಜಾನ್ ಹ್ಯಾನ್‌ಕಾಕ್ ಶೂಟಿಂಗ್ ಶುರು ಮಾಡಿದರು, ಸ್ಟುಡಿಯೋ ಅವರನ್ನು ತೆಗೆದುಹಾಕಿತು, ಝನೋ ಶ್ವಾರ್ಕ್ ಬಂದರು. ಬ್ರೋಡಿ ಪಾತ್ರದ ರಾಯ್ ಶೈಡರ್‌ಗೆ ಇದರಲ್ಲಿ ನಟಿಸಲು ಮನಸ್ಸೇ ಇರಲಿಲ್ಲ. ಯೂನಿವರ್ಸಲ್ ಜೊತೆ ಇದ್ದ ಒಪ್ಪಂದದಿಂದ ತಪ್ಪಿಸಿಕೊಳ್ಳಲು ಆಗದೆ ಬಂದರು. ನನ್ನ ಕೇಳಿದರೆ ಇದು ಸಿನಿಮಾಕ್ಕೆ ಲಾಭವೇ ಆಯಿತು. ಆ ಮುಖದಲ್ಲಿ ಒಂದು ಸಿಡುಕು, ಒಂದು ಸುಸ್ತು ಇದೆ. ಈ ಬ್ರೋಡಿಗೆ ಬೇಕಾದದ್ದೂ ಅದೇ.

ಯಾಕೆ ಅಂದರೆ, ಶಾರ್ಕನ್ನು ಕೊಂದ ಮೇಲೂ ಅವನ ಕಥೆ ಮುಗಿದಿಲ್ಲ. ನಮ್ಮ ಕಡೆ ಚಿರತೆ ಬಂದಾಗ ಆಗುವುದು ನಿಮಗೆ ಗೊತ್ತಲ್ಲ. ಇಲಾಖೆಯವರು ಬೋನಿಟ್ಟು ಹಿಡಿದುಕೊಂಡು ಹೋಗುತ್ತಾರೆ. ಊರಿಗೆಲ್ಲ ನೆಮ್ಮದಿ. ಸ್ವಲ್ಪ ತಿಂಗಳಾದ ಮೇಲೆ, ನಾಯಿ ಕಳೆದುಕೊಂಡಿದ್ದವನೊಬ್ಬ ತೋಟದ ಅಂಚಿನಲ್ಲಿ ಹೆಜ್ಜೆ ನೋಡಿದೆ ಅನ್ನುತ್ತಾನೆ. "ಹಿಡ್ಕೊಂಡು ಹೋದ್ರಲ್ಲ ಮಾರಾಯ, ನಿಂಗೆ ಎಲ್ಲಿ ನೋಡಿದ್ರೂ ಅದೇ ಕಾಣುತ್ತೆ" ಅನ್ನುತ್ತಾರೆ. ಅವನು ಹೇಳಿದ್ದು ನಿಜ ಇರಬಹುದು, ಅವನ ಭಯವೂ ಇರಬಹುದು. ಅವನಿಗೇ ಖಾತ್ರಿ ಇರುವುದಿಲ್ಲ.

'ಜಾಸ್ 2'ರ ಮೊದಲ ಭಾಗದ ಬ್ರೋಡಿ ಇದೇ ಮನುಷ್ಯ. ಕಾಟ್ರಿಜ್‌ಗಳಿಗೆ ಸಯನೈಡ್ ತುಂಬಿಸಿ ಮುಚ್ಚುತ್ತಾ ಕೂರುತ್ತಾನೆ. ದಡದ ಕಾವಲುಗೋಪುರ ಹತ್ತಿ ಕೂರುತ್ತಾನೆ. ನೀರಲ್ಲಿ ಕಪ್ಪು ನೆರಳು ಕಾಣುತ್ತದೆ. ಗಂಟೆ ಬಾರಿಸಿ, ಜನರನ್ನೆಲ್ಲ ಕೂಗಿ ಎಬ್ಬಿಸಿ, ಪಿಸ್ತೂಲು ಹಿಡಿದು ನೀರಿಗೆ ನುಗ್ಗಿ ಗುಂಡು ಹಾರಿಸುತ್ತಾನೆ. ಅದು ಸುಮ್ನೆ ಮೀನಿನ ಹಿಂಡು. ಜನ ದಂಗಾಗಿ ನೋಡುತ್ತಾರೆ. ಮಕ್ಕಳು ಅಳುತ್ತವೆ. ಎಲ್ಲ ಮುಗಿದ ಮೇಲೆ ಮರಳಲ್ಲಿ ಬಿದ್ದ ಖಾಲಿ ತೋಟಾಗಳನ್ನು ಬಗ್ಗಿ ಬಗ್ಗಿ ಹೆಕ್ಕುತ್ತಾನೆ. ಚಿಕ್ಕ ಮಗ ಶಾನ್ ಬಂದು ತಾನೂ ಹೆಕ್ಕುತ್ತಾನೆ. ಏನೂ ಮಾತಿಲ್ಲ. ಮೊದಲನೇ ಸಿನಿಮಾದ ಆ ಕೆನ್ನೆಯೇಟು ಇಲ್ಲಿ ಬಂದು ತಲುಪಿದೆ ಅಂತ ನನಗೆ ಅನ್ನಿಸುತ್ತದೆ. ಅವತ್ತು ಸುಮ್ಮನಿದ್ದು ಒಂದು ಮಗು ಸತ್ತಿತು. ಇವತ್ತು ಸುಮ್ಮನಿರಲು ಆಗದೆ ಊರ ಮುಂದೆ ನಗೆಪಾಟಲಾದ. ಹೆಂಡತಿ ಎಲೆನ್ ಕೆಲಸ ಮಾಡುತ್ತಿರುವುದು ಅದೇ ದಡದಲ್ಲಿ ಹೋಟೆಲು ಕಟ್ಟಿಸಿದವನ ಹತ್ತಿರ. ಸತ್ತ ಮುಳುಗುಗಾರರ ಕ್ಯಾಮೆರಾದಲ್ಲಿ ಸಿಕ್ಕಿದ ಫೋಟೋ ಹಿಡಿದು ಕೌನ್ಸಿಲ್ ಮುಂದೆ ನಿಲ್ಲುತ್ತಾನೆ. ಅವನಿಗೆ ಅದರಲ್ಲಿ ಶಾರ್ಕಿನ ಕಣ್ಣು ಕಾಣುತ್ತದೆ, ಅವರಿಗೆ ಬರೀ ಮಸಿ ಕಾಣುತ್ತದೆ. ಕೆಲಸದಿಂದ ತೆಗೆಯುತ್ತಾರೆ.

ಇದು ಮೊದಲನೇದರ ನಕಲಲ್ಲ. ಮೊದಲನೇದರಿಂದ ಹುಟ್ಟಿದ ಹೊಸ ಕಥೆ. ಆದರೆ ಇದಕ್ಕೆ ಸಿನಿಮಾ ತಾನೇ ಕಲ್ಲು ಹಾಕಿಕೊಂಡಿದೆ. ಗೋಪುರದ ದೃಶ್ಯ ಬರುವ ಮೊದಲೇ ಶಾರ್ಕು ನೀರಲ್ಲಿ ಸ್ಕೀಯಿಂಗ್ ಮಾಡುತ್ತಿದ್ದವಳನ್ನು ನುಂಗಿ, ದೋಣಿ ಸ್ಫೋಟಿಸಿ, ಮುಖ ಸುಟ್ಟುಕೊಂಡು ಹೋಗಿದೆ. ನಾವು ಕಣ್ಣಾರೆ ನೋಡಿದ್ದೇವೆ. ಬ್ರೋಡಿ ಸರಿ ಅಂತ ನಮಗೆ ಮೊದಲೇ ಗೊತ್ತು. ಇನ್ನು ಅನುಮಾನ ಎಲ್ಲಿಂದ ಬರಬೇಕು? ಊರವರು ಬರೀ ಪೆದ್ದರಾಗಿ ಕಾಣುತ್ತಾರೆ. ಅವರಿಗೆ ಬುದ್ಧಿ ಬರುವ ತನಕ ನಾವು ಗಡಿಯಾರ ನೋಡುತ್ತಾ ಕೂರಬೇಕು. ಮೊದಲನೇದರ ಮೇಯರ್ ಹಾಗಲ್ಲ. ಅವನು ಹೇಳುವುದರಲ್ಲೂ ಒಂದು ನ್ಯಾಯ ಇತ್ತು. ಬೇಸಿಗೆಯ ದುಡಿಮೆಯಲ್ಲೇ ವರ್ಷ ಕಳೆಯುವ ಊರು ಅದು. ಜೋಗದ ಸೀಸನ್ ನಂಬಿಕೊಂಡು ಅಂಗಡಿ ಇಟ್ಟವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಹೋದ ಮೇಲಿನ ಅರ್ಧ ಹದಿಹರೆಯದವರ ಪಾಲು. ಹಾಯಿದೋಣಿಗಳು, ಕಿರುಚಾಟ, ಒಬ್ಬರ ನಂತರ ಒಬ್ಬರು. ಬ್ರೋಡಿಯ ಮಕ್ಕಳಿಬ್ಬರನ್ನು ಬಿಟ್ಟು ಬೇರೆಯವರ ಹೆಸರು ಯಾರಿಗಾದರೂ ನೆನಪಿದೆಯಾ? ಬೆಳಗ್ಗೆಯಷ್ಟೇ ನೋಡಿದ್ದೀರಿ. ಹೆಲಿಕಾಪ್ಟರನ್ನು ಶಾರ್ಕು ನೀರಿಗೆಳೆಯುತ್ತದೆ. ಕೊನೆಗೆ ನೀರಡಿಯ ಕರೆಂಟ್ ಕೇಬಲ್ ಕಚ್ಚಿ ಸುಟ್ಟುಹೋಗುತ್ತದೆ. ನಮ್ಮ ಹುಡುಗರು ಇಲ್ಲಿ ಶಿಳ್ಳೆ ಹಾಕಿದರು, ನಾನೂ ನಕ್ಕೆ, ಅದು ಬೇರೆ ಮಾತು.

ಮೊದಲನೇದರಲ್ಲಿ ದೋಣಿಯ ಮೇಲೆ ರಾತ್ರಿ ಮೂವರು ಗಂಡಸರು ಕುಡಿಯುತ್ತಾ ಗಾಯದ ಕಲೆ ತೋರಿಸಿಕೊಳ್ಳುತ್ತಾರೆ. ಅವರಲ್ಲಿ ಶಾರ್ಕ್ ಬೇಟೆಗಾರ ಕ್ವಿಂಟ್, ಇಂಡಿಯಾನಾಪೊಲಿಸ್ ಅನ್ನುವ ಅಮೆರಿಕದ ಯುದ್ಧಹಡಗಿನ ಕಥೆ ಹೇಳುತ್ತಾನೆ. ಆ ಹಡಗು ನಿಜವಾದದ್ದು. ಅಣುಬಾಂಬಿನ ಭಾಗಗಳನ್ನು ಟಿನಿಯನ್ ದ್ವೀಪಕ್ಕೆ ಮುಟ್ಟಿಸಿ ಹೊರಟಿದ್ದಾಗ, 1945ರ ಜುಲೈ 30ರಂದು, ಜಪಾನಿನ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. 1,200ರ ಹತ್ತಿರ ಇದ್ದವರಲ್ಲಿ ಉಳಿದವರು 316 ಜನ. ಆ ಹೊತ್ತಿನಲ್ಲಿ ತೆರೆಯ ಮೇಲೆ ಶಾರ್ಕಿಲ್ಲ, ರಕ್ತವಿಲ್ಲ. ಒಬ್ಬ ಮಾತಾಡುತ್ತಾನೆ, ಇಬ್ಬರು ಕೇಳುತ್ತಾರೆ. ಎರಡನೇದರಲ್ಲಿ ಬ್ರೋಡಿಗೆ ಮಾತಾಡಲು ಹೀಗೆ ಒಬ್ಬರೂ ಇಲ್ಲ. ಅವನ ಒಂಟಿತನವನ್ನೇ ಕಥೆ ಮಾಡಬಹುದಿತ್ತು. ಅದಕ್ಕೆ ಪುರುಸೊತ್ತು ಕೊಡಲಿಲ್ಲ.

ಒಂದು ಕೆಲಸ ಮಾಡಿ. ಮೊದಲನೇದನ್ನು ಮಾತ್ರ ನೋಡಿರುವವರನ್ನು ಮನೆಯಲ್ಲಿ ಕೂರಿಸಿ, ಎರಡನೇದರ ಶುರುವಿನ ಮುಳುಗುಗಾರರನ್ನೂ ಸ್ಕೀಯಿಂಗ್ ದೃಶ್ಯವನ್ನೂ ಹಾರಿಸಿ ತೋರಿಸಿ. ಗೋಪುರದಿಂದ ಬ್ರೋಡಿ ಇಳಿದು ಓಡುವಾಗ ಅವರು ಅವನನ್ನು ನಂಬುತ್ತಾರಾ, ಊರವರ ಜೊತೆ ಸೇರಿ ತಲೆ ಕೆಟ್ಟಿದೆ ಅನ್ನುತ್ತಾರಾ, ಮುಂದಿನ ವಾರ ಬಂದು ನನಗೆ ಹೇಳಿ.

ಈಗ ಪ್ರಶ್ನೆ ಕೇಳಬಹುದು. 1983ರ ಮೂರನೇ 'ಜಾಸ್', 1987ರ ನಾಲ್ಕನೇದು ಬಿಟ್ಟು.