ಅತ್ತೆ ಅಳಗುಳಿಮಣೆಯಲ್ಲಿ ಸೋತ ದಿನ

ಎಲ್ಲರಿಗೂ ನಮಸ್ಕಾರ.

ಸ್ವಾಗತ ಕೋರಿದ ಹಿರಿಯರು ವೇದಿಕೆಯಲ್ಲಿರುವ ಏಳು ಜನರ ಹೆಸರನ್ನು ಹುದ್ದೆ, ಊರು ಸಮೇತ ಹೇಳಿದರು. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅವರಿಗೆ 74 ವರ್ಷ. ಎಲ್ಲವನ್ನೂ ತಪ್ಪಿಲ್ಲದೆ ಹೇಳಿದ ಮೇಲೆ, ‘ಅರವತ್ತಕ್ಕೆ ಅರಳುಮರಳು, ಯಾರನ್ನಾದರೂ ಬಿಟ್ಟಿದ್ದರೆ ಕ್ಷಮಿಸಿ’ ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ನಾನು ಇಲ್ಲಿಗೆ ಬಂದಿರುವುದೇ ಆ ಗಾದೆಯ ಜೊತೆ ಜಗಳ ಕಾಯಲು. ಸೆಪ್ಟೆಂಬರ್ 21, ಅಲ್ಝೈಮರ್ ದಿನ. ಈ ದಿನ ಮರೆಗುಳಿತನದ, ಅಂದರೆ ಡಿಮೆನ್ಷಿಯಾ ಎಂಬ ಕಾಯಿಲೆಯ ಬಗ್ಗೆ ಮಾತನಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾತನಾಡಬೇಕಾಗಿರುವುದು, ಒಬ್ಬರು ‘ನನ್ನ ತಲೆ ಮೊದಲಿನಂತೆ ಓಡುತ್ತಿಲ್ಲ’ ಎಂದಾಗ ನಾವು ಅದನ್ನು ಹೇಗೆ ಕೇಳಿಸಿಕೊಳ್ಳುತ್ತೇವೆ ಎನ್ನುವುದರ ಬಗ್ಗೆ.

ನನ್ನ ಸೋದರತ್ತೆಯ ವಿಷಯದಿಂದ ಶುರು ಮಾಡುತ್ತೇನೆ. ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ‘ಹೆಸರು ಬೇಡ, ಆಟದ ವಿಷಯ ಮಾತ್ರ ಸರಿಯಾಗಿ ಹೇಳು’ ಎಂದಿದ್ದಾರೆ.

ನಮ್ಮ ಮನೆತನದಲ್ಲಿ ಅಳಗುಳಿಮಣೆಯಲ್ಲಿ ಅತ್ತೆಯನ್ನು ಸೋಲಿಸಿದವರಿರಲಿಲ್ಲ. ಹಲಸಿನ ಮರದ ಮಣೆ, ಹದಿನಾಲ್ಕು ಗುಳಿ, ಹುಣಸೆ ಬೀಜ. ಬೇಸಿಗೆ ರಜೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಮಣೆ ಹಾಸಿದರೆ ಕಾಫಿ ಹೊತ್ತಿನವರೆಗೂ ನಾವು ಒಬ್ಬೊಬ್ಬರಾಗಿ ಕುಳಿತು, ಸೋತು ಏಳುತ್ತಿದ್ದೆವು. ಆಟ ಬಲ್ಲವರಿಗೆ ಗೊತ್ತು: ಒಂದು ಗುಳಿಯ ಬೀಜ ಎತ್ತಿ ಒಂದೊಂದಾಗಿ ಹಾಕುತ್ತಾ ಹೋಗಬೇಕು, ಮುಗಿದರೆ ಮುಂದಿನ ಗುಳಿಯಿಂದ ಎತ್ತಬೇಕು, ಖಾಲಿ ಗುಳಿ ಸಿಕ್ಕಾಗ ಅದರಾಚೆಯದನ್ನು ಬಾಚಿಕೊಳ್ಳಬೇಕು. ನಾವು ಎತ್ತಿದ ಮೇಲೆ ಯೋಚಿಸುತ್ತಿದ್ದೆವು. ಅತ್ತೆ ಎತ್ತುವ ಮೊದಲೇ ಎರಡು ಸುತ್ತು ಮುಂದಕ್ಕೆ ಹೋಗಿ ಬಂದಿರುತ್ತಿದ್ದರು. ನಡುವೆ ಒಲೆಯ ಮೇಲಿನ ಹಾಲಿನ ಮೇಲೂ ಕಣ್ಣು, ಬಾಗಿಲಿಗೆ ಬಂದ ತರಕಾರಿಯವನ ಜೊತೆ ಚೌಕಾಸಿಯೂ ನಡೆಯುತ್ತಿತ್ತು. ನನ್ನ ಅಣ್ಣನೊಬ್ಬ ಅವರು ಹಾಲು ಇಳಿಸಲು ಹೋದಾಗ ಎರಡು ಬೀಜ ಜಾರಿಸಿದ್ದ. ಬಂದು ಕುಳಿತವರು ಮಣೆಯನ್ನು ಒಮ್ಮೆ ನೋಡಿ, ‘ಮೂರನೆಯ ಗುಳಿಯ ಎರಡು ಎಲ್ಲಿ?’ ಎಂದರು. ಅವನಿಗೆ ಈಗ ಐವತ್ತೆಂಟು. ಇವತ್ತಿಗೂ ಅತ್ತೆಯ ಎದುರು ಸುಳ್ಳು ಹೇಳುವುದಿಲ್ಲ.

67ನೆಯ ವಯಸ್ಸಿನಲ್ಲಿ ಅತ್ತೆಗೆ ಸ್ತನದ ಕ್ಯಾನ್ಸರ್ ಬಂತು. ಶಸ್ತ್ರಚಿಕಿತ್ಸೆ, ಆಮೇಲೆ ಕೀಮೋ, ಆಮೇಲೆ ದಿನಕ್ಕೊಂದು ಹಾರ್ಮೋನು ತಡೆಯುವ ಮಾತ್ರೆ. ಗುಣವಾದರು. ಕೂದಲು ಮತ್ತೆ ಬಂತು, ಮನೆಯಲ್ಲಿ ಸತ್ಯನಾರಾಯಣ ಪೂಜೆಯೂ ಆಯಿತು. ಮುಂದಿನ ಬೇಸಿಗೆಯಲ್ಲಿ ಮಣೆ ಹಾಸಿದಾಗ ಹತ್ತು ವರ್ಷದ ಮೊಮ್ಮಗಳು ಅತ್ತೆಯನ್ನು ಸೋಲಿಸಿದಳು. ಮನೆಯೆಲ್ಲ ಚಪ್ಪಾಳೆ ಹೊಡೆಯಿತು, ಮಗುವನ್ನು ಎತ್ತಿ ಕುಣಿಸಿತು. ಅತ್ತೆ ನಗುತ್ತಾ ಬೀಜಗಳನ್ನು ಡಬ್ಬಿಗೆ ತುಂಬಿದರು. ಗೆದ್ದ ಮಗು ಎಲ್ಲರಿಗೂ ಕಂಡಿತು, ಸೋತವರು ಯಾರಿಗೂ ಕಾಣಲಿಲ್ಲ. ನಾನೂ ಅಲ್ಲಿದ್ದೆ. ಅರಿವಿನ ಪರೀಕ್ಷೆಗಳನ್ನು ಮಾಡುವುದೇ ನನ್ನ ವೃತ್ತಿ. ಅಂದು ನನಗೂ ಕಾಣಲಿಲ್ಲ.

ರಾತ್ರಿ ಹಾಸಿಗೆ ಹಾಸುವಾಗ ಅವರೇ ಹೇಳಿದರು: ‘ಮೊದಲೆಲ್ಲ ಬೀಜ ಕೈಗೆ ಎತ್ತಿಕೊಳ್ಳುವ ಮುಂಚೆಯೇ ಕೊನೆಯದು ಎಲ್ಲಿ ಬೀಳುತ್ತದೆ ಎಂದು ಕಾಣುತ್ತಿತ್ತು ಕಣೇ. ಈಗ ಅರ್ಧ ದಾರಿಯಲ್ಲಿ ಮಬ್ಬಾಗುತ್ತದೆ.’ ಮನೆಯವರಿಗೂ ಹೇಳಿದ್ದರಂತೆ. ಉತ್ತರ ಏನು ಬಂದಿರಬಹುದು? ಅದೇ ಗಾದೆ. ಆಸ್ಪತ್ರೆಯಲ್ಲೂ ಹೇಳಿದ್ದರು. ಅಲ್ಲಿ ಮೂವತ್ತು ಅಂಕದ ಪರೀಕ್ಷೆ ಮಾಡಿದರು: ಇವತ್ತು ಯಾವ ವಾರ, ಇದು ಯಾವ ಊರು, ಮೂರು ಪದ ನೆನಪಿಡಿ, ನೂರರಿಂದ ಏಳೇಳು ಕಳೆಯಿರಿ. ಅತ್ತೆಗೆ 29 ಬಂತು. ‘ಏನೂ ತೊಂದರೆಯಿಲ್ಲ, ವಯಸ್ಸಾಯಿತಲ್ಲ’ ಎಂದು ಕಳಿಸಿದರು. ಅತ್ತೆ ನನಗೆ ಹೇಳಿದ್ದು: ‘ಅವರು ಕೇಳಿದ್ದೆಲ್ಲ ನನಗೆ ಗೊತ್ತಿತ್ತು. ನನಗೆ ತಪ್ಪಿಹೋಗುತ್ತಿರುವುದನ್ನು ಅವರು ಕೇಳಲೇ ಇಲ್ಲ.’

ಈ ಮಾತನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಆ ಮೂವತ್ತು ಅಂಕದ ಪರೀಕ್ಷೆ ಅಮೆರಿಕದಲ್ಲಿ 1975ರಲ್ಲಿ ಪ್ರಕಟವಾದದ್ದು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುವಂಥದ್ದು. ದೊಡ್ಡ ಕುಸಿತವನ್ನು ಹಿಡಿಯುತ್ತದೆ. ಮರೆಗುಳಿತನ ಬಲಿತವರಲ್ಲಿ ಉಪಯೋಗಕ್ಕೆ ಬರುತ್ತದೆ, ನಾನೂ ಬಳಸುತ್ತೇನೆ. ಆದರೆ ಕ್ಯಾನ್ಸರ್ ಚಿಕಿತ್ಸೆಯ ನಂತರ ಬರುವ ಮಬ್ಬು ಬೇರೆ ಬಗೆಯದು. ಅಲ್ಲಿ ವಾರ ಮರೆಯುವುದಿಲ್ಲ, ಊರು ಮರೆಯುವುದಿಲ್ಲ. ವೇಗ ತಗ್ಗುತ್ತದೆ, ಗಮನ ಜಾರುತ್ತದೆ. ನಾಲ್ಕು ವಿಷಯಗಳನ್ನು ಒಟ್ಟಿಗೆ ತಲೆಯಲ್ಲಿ ಹಿಡಿದುಕೊಂಡು ಲೆಕ್ಕ ಹಾಕುವುದು ಕಷ್ಟವಾಗುತ್ತದೆ. ನಾಲಿಗೆಯ ತುದಿಯ ಪದ ಅಲ್ಲೇ ನಿಲ್ಲುತ್ತದೆ. ಅಂದರೆ ಅಳಗುಳಿಮಣೆ ಏನನ್ನು ಬೇಡುತ್ತದೆಯೋ ಅದೇ. ಅತ್ತೆಯ ಮಣೆ ನಮ್ಮ ಪರೀಕ್ಷೆಗಿಂತ ಸೂಕ್ಷ್ಮವಾಗಿತ್ತು.

ಇದನ್ನು ರೋಗಿಗಳು ‘ಕೀಮೋ ಬ್ರೇನ್’ ಎಂದು ಕರೆದರು. ಬಹಳ ಕಾಲ ವೈದ್ಯಲೋಕ ಇದನ್ನು ಆತಂಕ, ಖಿನ್ನತೆ ಎಂದು ಬದಿಗೆ ಸರಿಸಿತು. 2017ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಸ್ತನ ಕ್ಯಾನ್ಸರಿನ 581 ಮಹಿಳೆಯರು, ಅವರದೇ ವಯಸ್ಸಿನ ಕ್ಯಾನ್ಸರ್ ಇಲ್ಲದ 364 ಮಹಿಳೆಯರು. ಕೀಮೋಗೆ ಮೊದಲು, ಮುಗಿದಾಗ, ಮತ್ತೆ ಆರು ತಿಂಗಳ ನಂತರ ‘ನಿಮ್ಮ ತಲೆ ಹೇಗೆ ಓಡುತ್ತಿದೆ’ ಎಂದು ಅವರನ್ನೇ ಕೇಳಿದರು. ಆರು ತಿಂಗಳ ನಂತರವೂ ಮೊದಲಿಗಿಂತ ಕುಸಿದಿದೆ ಎಂದವರು ಕೀಮೋ ಪಡೆದವರಲ್ಲಿ ಶೇ 36.5, ಉಳಿದವರಲ್ಲಿ ಶೇ 13.6. ಈ ಸಂಶೋಧನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ವಿಧಾನ. ಪ್ರತಿಯೊಬ್ಬಳನ್ನೂ ಅವಳ ಹಿಂದಿನ ಸ್ಥಿತಿಯ ಜೊತೆಗೇ ತೂಗಿದರು. ಅತ್ತೆಗೆ ಅಂದು ಬೇಕಿದ್ದದ್ದೂ ಅಂಥದ್ದೇ ತಕ್ಕಡಿ. ಊರಿನ ಸರಾಸರಿಗೆ ಹೋಲಿಸಿದರೆ ಅವರು ಇವತ್ತಿಗೂ ಚುರುಕು. ತಮ್ಮದೇ ಹಿಂದಿನ ವರ್ಷಕ್ಕೆ ಹೋಲಿಸಿದರೆ ಅವರಿಗೆ ನಷ್ಟವಾಗಿದೆ.

‘ಕೀಮೋ ಬ್ರೇನ್’ ಎಂಬ ಹೆಸರೂ ಅರ್ಧ ಮಾತ್ರ ನಿಜ. ಚಿಕಿತ್ಸೆ ಶುರುವಾಗುವ ಮೊದಲೇ ಪರೀಕ್ಷಿಸಿದಾಗ ಕೆಲವರಲ್ಲಿ ಆಗಲೇ ಕೊರತೆ ಕಂಡಿದೆ. ಕ್ಯಾನ್ಸರೇ ಉಂಟುಮಾಡುವ ಉರಿಯೂತ, ಅರಿವಳಿಕೆ, ನಿದ್ದೆಗೇಡು, ಹಾರ್ಮೋನು ತಡೆಯುವ ಮಾತ್ರೆ, ಎಲ್ಲಕ್ಕೂ ಪಾಲಿರಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಿಶೆಲ್ ಮಾಂಜೆ ಅವರ ತಂಡ ಇಲಿಗಳಿಗೆ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧಿ ಕೊಟ್ಟು ನೋಡಿತು. ಮಿದುಳಿನ ಕಾವಲು ಕೋಶಗಳು ಕೆರಳಿ, ನರತಂತುಗಳ ಮೇಲಿನ ಮಯಲಿನ್ ಹೊದಿಕೆ ತೆಳುವಾಗಿತ್ತು. ವಿದ್ಯುತ್ ತಂತಿಯ ಮೇಲಿನ ರಬ್ಬರು ಸವೆದಂತೆ ಎಂದುಕೊಳ್ಳಿ. ಅತ್ತೆಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ: ‘ಹಾಗಾದರೆ ಇದು ನನ್ನ ಭ್ರಮೆಯಲ್ಲ ತಾನೇ?’ ಅಲ್ಲ ಎಂದೆ. ಅವರು ಅಳುವುದನ್ನು ನಾನು ಮೊದಲ ಬಾರಿ ನೋಡಿದೆ. ಕ್ಯಾನ್ಸರ್ ಎಂದು ಹೇಳಿದ ದಿನವೂ ಅವರು ಅತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸಭೆಯಲ್ಲಿ ಕೀಮೋ ಪಡೆಯುತ್ತಿರುವವರು ಇರಬಹುದು. ಇದನ್ನು ಕೇಳಿ ಯಾರೂ ಚಿಕಿತ್ಸೆ ನಿಲ್ಲಿಸಬೇಡಿ. ಕೀಮೋ ಜೀವ ಉಳಿಸುತ್ತದೆ. ಬಹಳ ಜನರಲ್ಲಿ ಮಬ್ಬು ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಕೆಲವರಲ್ಲಿ ಉಳಿಯುತ್ತದೆ. ಯಾರಲ್ಲಿ ಉಳಿಯುತ್ತದೆ ಎಂಬ ಹುಡುಕಾಟ ಈಗ ನಡೆಯುತ್ತಿದೆ. ಅಮೆರಿಕದ ಸಂಶೋಧಕಿ ಜೀನ್ ಮ್ಯಾಂಡೆಲ್‌ಬ್ಲಾಟ್ ಅವರ ತಂಡ 60 ದಾಟಿದ ಸ್ತನ ಕ್ಯಾನ್ಸರ್ ರೋಗಿಗಳನ್ನು, ಅದೇ ವಯಸ್ಸಿನ ಆರೋಗ್ಯವಂತರ ಜೊತೆ, ವರ್ಷಗಟ್ಟಲೆ ಹಿಂಬಾಲಿಸಿತು. 2018ರಲ್ಲಿ ಅವರು ಹೇಳಿದ್ದು: ಅಲ್ಝೈಮರ್‌ಗೆ ದಾರಿ ಸುಲಭ ಮಾಡುವ ಎಪಿಒಇ4 ಎಂಬ ಜೀನ್ ರೂಪ ಇರುವವರಲ್ಲಿ ಕೀಮೋ ನಂತರದ ಇಳಿಕೆ ಹೆಚ್ಚು. ಮುಪ್ಪಿನ ಮರೆವೂ ಕ್ಯಾನ್ಸರ್ ನಂತರದ ಮಬ್ಬೂ ಎಲ್ಲೋ ಒಂದು ಕಡೆ ಕೂಡುತ್ತವೆ ಎಂಬುದಕ್ಕೆ ಇದು ಸುಳಿವು. ಬೆಂಗಳೂರಿನಲ್ಲಿ ಕಿದ್ವಾಯಿ ಮತ್ತು ನಿಮ್ಹಾನ್ಸ್ ಅಕ್ಕಪಕ್ಕದಲ್ಲಿವೆ. ಕ್ಯಾನ್ಸರಿಗೆ ಒಂದು ಗೇಟು, ಮಿದುಳಿಗೆ ಇನ್ನೊಂದು ಗೇಟು ಎಂಬ ವಿಂಗಡಣೆ ಮಾತ್ರ ನಮ್ಮ ತಲೆಯಲ್ಲಿ ಬಹಳ ಗಟ್ಟಿಯಾಗಿದೆ. ಅತ್ತೆಯ ಮಬ್ಬು ಯಾವ ಗೇಟಿನದು?

ಪರೀಕ್ಷೆ ಇನ್ನೊಂದು ಕಡೆಗೂ ತಪ್ಪುತ್ತದೆ. ನನ್ನ ಬಳಿಗೆ ಬಂದಿದ್ದ ಒಬ್ಬ ಅಜ್ಜಿ ಓದು ಬರಹ ತಿಳಿಯದವರು. ಒಂದು ವಾಕ್ಯ ಬರೆಯಿರಿ ಎಂದರೆ ಪೆನ್ನನ್ನು ನೋಡಿದರು. ಎರಡು ಪಂಚಕೋನ ನೋಡಿ ಬರೆಯಿರಿ ಎಂದರೆ ಮಗನ ಮುಖ ನೋಡಿದರು. ಅಂಕ ಕೆಳಗಿಳಿಯಿತು. ಅದೇ ಅಜ್ಜಿ ಹೊರಗೆ ಬೆಂಚಿನ ಮೇಲೆ ಕುಳಿತು, ಬಂದ ಬಸ್ಸಿನ ದರ, ಕೊಟ್ಟ ನೋಟು, ಬರಬೇಕಾದ ಚಿಲ್ಲರೆ, ಡೇರಿಯಿಂದ ಬರಬೇಕಾದ ಹದಿನೈದು ದಿನದ ಹಾಲಿನ ಹಣ ಎಲ್ಲವನ್ನೂ ಬಾಯಲ್ಲಿ ಲೆಕ್ಕ ಹಾಕುತ್ತಿದ್ದರು. ಅತ್ತೆಗೆ ಕಾಯಿಲೆಯಿದ್ದೂ 29, ಈ ಅಜ್ಜಿಗೆ ಕಾಯಿಲೆಯಿಲ್ಲದೆಯೂ ಅನುತ್ತೀರ್ಣ.

ಇದನ್ನು ನಮ್ಮ ದೇಶದ ಸಂಶೋಧಕರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದವರು 1990ರ ದಶಕದಲ್ಲಿ ಆ ಪರೀಕ್ಷೆಯನ್ನೇ ಹಿಂದಿಯಲ್ಲಿ, ಅನಕ್ಷರಸ್ಥರಿಗೆ ಒಗ್ಗುವಂತೆ ಮರುರೂಪಿಸಿದರು. ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಹೇಳುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಪೆಟ್ಟಿಗೆ ಐದು ಭಾಷೆಗಳಲ್ಲಿ ಸಿದ್ಧವಾಗಿದೆ, ಅದರಲ್ಲಿ ಕನ್ನಡವೂ ಒಂದು. ಇದು ನಮ್ಮ ಜಿಲ್ಲಾಸ್ಪತ್ರೆಗಳವರೆಗೆ ಬರಬೇಕು ಎನ್ನುವುದು ನನ್ನ ಒತ್ತಾಯ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಸಾವಿರಾರು ಜನರನ್ನು ವರ್ಷವರ್ಷವೂ ಪರೀಕ್ಷಿಸುವ ಅಧ್ಯಯನ ನಡೆಸುತ್ತಿದೆ. ಮಾವಿನ ತೋಪಿನ ರೈತನ ತಲೆಯನ್ನು ಅವನದೇ ಹಿಂದಿನ ವರ್ಷದ ಲೆಕ್ಕದೊಂದಿಗೆ ಹೋಲಿಸುವ ಕೆಲಸ. ಅತ್ತೆ ಇದನ್ನು ಕೇಳಿದ್ದರೆ ‘ಅದೇ ತಾನೇ ನಾನು ಹೇಳಿದ್ದು’ ಎನ್ನುತ್ತಿದ್ದರು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ನಾನು ಬರೆದುಕೊಂಡು ಬಂದದ್ದರಲ್ಲಿ ಇನ್ನೂ ನಾಲ್ಕು ಪುಟ ಇದೆ. ಮುಖ್ಯವಾದದ್ದನ್ನು ಮಾತ್ರ ಹೇಳುತ್ತೇನೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ ಮರೆಗುಳಿತನ ಇರುವವರು ಶೇ 7.4, ಸುಮಾರು 88 ಲಕ್ಷ ಜನ. ಇದೇ ಅಂಕಿಯನ್ನು ತಿರುಗಿಸಿ ನೋಡಿ: ಅರವತ್ತು ದಾಟಿದ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇಲ್ಲ. ಗಾದೆ ಎಲ್ಲಿ ನಿಂತಿತು?

ಮರೆವು ಎಂದು ಬಂದವರಲ್ಲಿ ಮೊದಲು ಥೈರಾಯ್ಡ್, ಬಿ12, ರಕ್ತಹೀನತೆ, ಸಕ್ಕರೆ, ಖಿನ್ನತೆ, ನಿದ್ದೆ ನೋಡಬೇಕು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲ ಸಮೇತ ವೈದ್ಯರಿಗೆ ತೋರಿಸಬೇಕು. ಇವು ಸರಿಪಡಿಸಬಹುದಾದವು. ಕಿವಿ ಕೇಳಿಸದವರಿಗೆ ಶ್ರವಣಯಂತ್ರ ಕೊಡಿಸಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆಗುಳಿತನದ ತಡೆಯಬಹುದಾದ 14 ಕಾರಣಗಳಲ್ಲಿ ಕಿವುಡೂ ಒಂದು. ನಡೆಯಿರಿ, ಕ್ಯಾನ್ಸರ್ ಗೆದ್ದವರೂ ವೈದ್ಯರನ್ನು ಕೇಳಿಕೊಂಡು ನಡೆಯಿರಿ. ಎರಡು ಭಾಷೆ ಆಡುವವರು ಎರಡನ್ನೂ ಆಡಿ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆಗುಳಿತನ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ಅಂತರ ಕಂಡಿತ್ತು. ಇದರ ಬಗ್ಗೆ ಅರ್ಧ ಗಂಟೆ ಮಾತನಾಡುವ ಆಸೆಯಿತ್ತು.

ಒಂದು ವ್ಯತ್ಯಾಸ ಮಾತ್ರ ಮನಸ್ಸಿನಲ್ಲಿಡಿ. ಮರೆಗುಳಿತನದಲ್ಲಿ ಎಷ್ಟೋ ಸಲ ಮನೆಯವರಿಗೆ ಮೊದಲು ಗೊತ್ತಾಗುತ್ತದೆ, ಕಾಯಿಲೆ ಇರುವವರಿಗೆ ಗೊತ್ತಾಗುವುದಿಲ್ಲ. ಕ್ಯಾನ್ಸರ್ ನಂತರದ ಮಬ್ಬಿನಲ್ಲಿ ಅವರಿಗೇ ಮೊದಲು ಗೊತ್ತಾಗುತ್ತದೆ, ಮನೆಯವರು ಒಪ್ಪುವುದಿಲ್ಲ. ಅದಕ್ಕಾಗಿ ಇಬ್ಬರನ್ನೂ ಕೇಳಬೇಕು, ಬೇರೆ ಬೇರೆಯಾಗಿ ಕೇಳಬೇಕು. ಮೊದಲು ಅವರನ್ನು ಕೇಳಬೇಕು.

ಅತ್ತೆ ಈಗ ಹೇಗಿದ್ದಾರೆ ಎಂದು ಮುಂದಿನ ಸಾಲಿನವರು ಕೇಳುತ್ತಿದ್ದೀರಿ. 71 ವರ್ಷ. ದಿನಾ ಸಂಜೆ ಕೆರೆಯ ಏರಿಯ ಮೇಲೆ ನಡೆಯುತ್ತಾರೆ. ಹಾಲು ಒಲೆಯ ಮೇಲಿದ್ದಾಗ ಆಟಕ್ಕೆ ಕೂರುವುದಿಲ್ಲ. ಒಂದು ಹೊತ್ತಿಗೆ ಒಂದೇ ಕೆಲಸ. ಕಳೆದ ಯುಗಾದಿಯಲ್ಲಿ ಮೊಮ್ಮಗಳ ಜೊತೆ ಐದು ಆಟ ಆಡಿ ಎರಡು ಗೆದ್ದರು. ನಡುನಡುವೆ ನಿಲ್ಲಿಸಿ ಯೋಚಿಸುತ್ತಾರೆ, ಆ ಮಗು ಕಾಯುತ್ತದೆ.

ಈಗ ಪ್ರಶ್ನೆಗಳಿಗೆ ಸಮಯ. ಕೊನೆಯ ಸಾಲಿನಲ್ಲಿ ಹಸಿರು ಸೀರೆಯ ತಾಯಿ ಆಗಲೇ ಕೈ ಎತ್ತಿದ್ದಾರೆ. ಮೈಕ್ ಅವರಿಗೆ ಕೊಡಿ. ಇಲ್ಲಪ್ಪ, ನೀವು ಹೇಳಬೇಡಿ, ಕುಳಿತುಕೊಳ್ಳಿ. ನಿಮ್ಮ ತಾಯಿಯೇ ಹೇಳಲಿ. ಹೇಳಿ ಅಮ್ಮ, ನಿಧಾನವಾಗಿ ಹೇಳಿ.